ಅದೇ ದಿನ ಹುಟ್ಟಿದವರು

ಎಪ್ಪತ್ತರ ದಶಕದ ಕೊನೆಯಲ್ಲಿ ಕಾಪುವಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಾಗ, ಪರರ ಹುಟ್ಟಿದ ದಿನಗಳ ವಿಷಯದಲ್ಲಿ ನನ್ನಷ್ಟು ತಿಳಿದವರು ಆಸುಪಾಸಿನಲ್ಲಿ ಇರಲಿಲ್ಲ. ಇದು ಜಂಬವಲ್ಲ, ಡ್ಯೂಟಿ. ಪ್ರಾರ್ಥನೆಗೆ ಮುಂಚೆ ಜಗಲಿಯ ಕರಿಹಲಗೆಯಲ್ಲಿ ‘ಈ ದಿನ’ ಎಂದು ತಲೆಬರಹ ಹಾಕಿ, ಅಂದು ಹುಟ್ಟಿದ ದೊಡ್ಡವರು ಯಾರು, ಅಂದು ನಡೆದ ದೊಡ್ಡ ಸಂಗತಿ ಯಾವುದು ಎಂದು ಎರಡು ಸಾಲು ಬರೆಯುವ ಕೆಲಸವನ್ನು ಹೆಡ್‌ಮಾಸ್ತರರು ನನ್ನ ತಲೆಗೆ ಕಟ್ಟಿದ್ದರು. ನನ್ನ ಅಕ್ಷರ ದುಂಡಗಿದೆ ಎಂಬುದೊಂದೇ ಕಾರಣ. ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ಮಣಿಪಾಲದ ಲೈಬ್ರರಿಗೆ ಹೋಗಿ, ದಪ್ಪ ಪುಸ್ತಕಗಳಿಂದ ಮುಂದಿನ ತಿಂಗಳಿಗೆ ಬೇಕಾದಷ್ಟು ಜನನ, ಯುದ್ಧ, ಪಟ್ಟಾಭಿಷೇಕಗಳನ್ನು ನೋಟ್‌ಬುಕ್ಕಿಗೆ ತುಂಬಿಕೊಂಡು ಬರುತ್ತಿದ್ದೆ.

ಕೈ ಪಳಗಿದ ಮೇಲೆ ಒಂದು ಸಂಗತಿ ನನ್ನನ್ನು ಕಾಡತೊಡಗಿತು. ತಾರೀಕುಗಳಿಗೆ ಒಳ್ಳೆಯದು ಕೆಟ್ಟದ್ದು ಆರಿಸುವ ಬುದ್ಧಿಯೇ ಇಲ್ಲ. ಊರು ಸುಟ್ಟ ದಂಡನಾಯಕನೂ ಜ್ವರಕ್ಕೆ ಮದ್ದು ಹುಡುಕಿದ ವೈದ್ಯನೂ ಒಂದೇ ದಿನ ಹುಟ್ಟಿರುತ್ತಾರೆ. ಒಬ್ಬ ಕವಿ ಕಣ್ಣು ಬಿಟ್ಟ ದಿನವೇ ಎಲ್ಲೋ ಹಡಗು ಮುಳುಗಿರುತ್ತದೆ. ನೂರಾರು ವರ್ಷ, ಸಾವಿರಾರು ಮೈಲಿ ದೂರದ ಇವರನ್ನೆಲ್ಲ ನಾನು ಉಡುಪಿ ಬಸ್ಸಿನ ಸೀಟಿನಲ್ಲಿ ಒತ್ತರಿಸಿ ಕೂರಿಸಿದ ಹಾಗೆ ಹಲಗೆಯ ಮೇಲೆ ಕೂರಿಸುತ್ತಿದ್ದೆ. ವರ್ಷಕ್ಕೆ ದಿನಗಳು ಇರುವುದೇ ಅಷ್ಟು, ಹುಟ್ಟುವವರಿಗೆ ಕೊನೆಯಿಲ್ಲ, ಸ್ವಲ್ಪ ಸರಿದು ಕೂರದೆ ಬೇರೆ ದಾರಿಯಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹೀಗಿರುವಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು, “ಟೀಚರ್, ನಿಮ್ಮ ಬರ್ತ್‌ಡೇ ದಿನ ಎಂತ ವಿಶೇಷ ಉಂಟು?” ಎಂದು ಕೇಳಿದಳು. ದಾಖಲೆಯಲ್ಲಿ ನನ್ನದು ಜೂನ್ ಒಂದು. ನನ್ನನ್ನು ಶಾಲೆಗೆ ಸೇರಿಸಿಕೊಂಡ ಮಾಸ್ತರರು ಬರೆದ ತಾರೀಕು ಅದು. ನನ್ನ ತರಗತಿಯ ಅರ್ಧ ಮಕ್ಕಳೂ ಅದೇ ದಿನ ಹುಟ್ಟಿದವರೇ. ದಾಖಲೆಯನ್ನು ನಂಬುವುದಾದರೆ ನಮ್ಮ ಕರಾವಳಿಯ ಹೆಂಗಸರು ಶಾಲೆಯ ಬಾಗಿಲು ತೆರೆಯುವುದನ್ನೇ ಕಾದಿದ್ದು ಹೆರುತ್ತಾರೆ. ಊರಿನವರ ಹುಟ್ಟನ್ನೆಲ್ಲ ಹಲಗೆಗೇರಿಸುವ ನನಗೆ ನನ್ನದೇ ಗೊತ್ತಿಲ್ಲವಲ್ಲ ಎಂದು ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ಒಳಗೊಂದು ಆಸೆಯೂ ಇತ್ತು. ನನ್ನ ನಿಜವಾದ ದಿನದಲ್ಲಿ ಯಾರಾದರೂ ದೊಡ್ಡವರು ಹುಟ್ಟಿರಬಹುದಲ್ಲ?

ಅಮ್ಮನನ್ನು ಕೇಳಿದೆ. “ಆಟಿಯ ಮಳೆ, ಅಂಗಳ ತುಂಬ ನೀರು. ಅದೆಲ್ಲ ಈಗ ಎಂತಕ್ಕೆ?” ಎಂದಳು. ಆಟಿಯೆಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಅದರಲ್ಲಿ ಯಾವ ದಿನ? ಜಾತಕವನ್ನು ಗೆದ್ದಲು ತಿಂದಿತಂತೆ. ನಮ್ಮ ಕೆಂಪಿ ದನ ಯಾವ ಯಾವ ವಾರ ಕರು ಹಾಕಿತು ಎಂಬುದನ್ನು ಬಾಯಿಪಾಠ ಒಪ್ಪಿಸುವ ಹೆಂಗಸಿಗೆ ಮಗಳ ಹುಟ್ಟು ಮಾತ್ರ ಮರೆತದ್ದು ನನಗೆ ವಿಚಿತ್ರವಾಗಿ ಕಂಡಿತು.

ನಮ್ಮ ಮನೆ ಶಂಕರಪುರದಲ್ಲಿ. ಬೇಲಿಯಾಚೆ ಜೂಲಿಯಾನ ಬಾಯಿಯವರ ಮನೆ, ಅವರ ಮಲ್ಲಿಗೆ ಗಿಡಗಳು. ನಮ್ಮ ಪಂಚಾಂಗದಲ್ಲಿ ಹುಟ್ಟಿದ ನಕ್ಷತ್ರ ಪ್ರತಿ ವರ್ಷವೂ ಬೇರೊಂದು ತಾರೀಕಿಗೆ ಜಾರಿಕೊಳ್ಳುತ್ತದೆ. ಇಗರ್ಜಿಗೆ ಹೋಗುವ ಕ್ರೈಸ್ತರಲ್ಲಿ ಹಾಗಲ್ಲ. ಹುಟ್ಟಿದ ಮಗುವಿನ ಹೆಸರು ತಾರೀಕಿನ ಸಮೇತ ಅವರ ಪುಸ್ತಕ ಸೇರುತ್ತದೆ. ಲೆಕ್ಕದ ಜನ, ಇವರಿಗೆ ನೆನಪಿರಬಹುದು ಎಂದು ಒಂದು ಭಾನುವಾರ ಬೇಲಿ ದಾಟಿದೆ.

ಅವರು ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದರು. “ಬಾಯಮ್ಮ, ನಾನು ಹುಟ್ಟಿದ ದಿನ ನಿಮಗೆ ನೆನಪುಂಟಾ?” ಎಂದು ಕೇಳಿದೆ. ಕೈ ನಿಂತಿತು. “ಅಮ್ಮ ಹೇಳಲಿಲ್ಲವಾ?” ಎಂದವರು ಒಳಗೆ ಹೋಗಿ ಪ್ರಾರ್ಥನೆಯ ಪುಸ್ತಕ ತಂದು ಕೊನೆಯ ಪುಟ ತೆರೆದರು. ಪೆನ್ಸಿಲಿನಲ್ಲಿ ಒಂದು ತಾರೀಕು, ಕೆಳಗೆ ಎರಡು ಹೆಸರು. ಮೊದಲನೆಯದು ಸಲ್ವದೋರ್. ಎರಡನೆಯದು ನನ್ನದು.

“ಸಲ್ವದೋರ್ ನನ್ನ ಮಗ. ಬೆಳಿಗ್ಗೆ ಹುಟ್ಟಿದ, ಊಟದ ಹೊತ್ತಿಗೆ ಹೋದ. ಪಾದ್ರಿಯವರು ಬರುವವರೆಗೆ ಉಳಿಯುವುದಿಲ್ಲ ಎಂದು ಹೆರಿಗೆ ಮಾಡಿಸಿದ ದುಗ್ಗಕ್ಕನೇ ಅವನ ತಲೆಗೆ ನೀರು ಹಾಕಿ ಹೆಸರಿಟ್ಟಳು, ನಾನು ಮಂತ್ರ ಹೇಳಿಕೊಟ್ಟೆ. ಅಷ್ಟರಲ್ಲಿ ನಿಮ್ಮ ಮನೆಯಿಂದ ಕರೆ ಬಂತು. ಅವಳು ಕೈ ತೊಳೆದು ಅಲ್ಲಿಗೆ ಓಡಿದಳು. ಸಂಜೆ ಬಂದು, ಹುಡುಗಿ, ಚೆನ್ನಾಗುಂಟು ಎಂದಳು. ಆ ದಿನ ನಾನು ಕೇಳಿದ ಒಳ್ಳೆಯ ಸುದ್ದಿ ಅದೊಂದೇ, ಮಗಾ.”

ಆಗ ನನಗೆ ಹೊಳೆಯಿತು. ಪ್ರತಿ ವರ್ಷ ಆಟಿಯಲ್ಲಿ, ಗಿಡದಲ್ಲಿ ಹುಡುಕಿದರೂ ಹೂ ಸಿಗದ ಮಳೆಯಲ್ಲಿ, ಒಂದು ದಿನ ಬಾಯಮ್ಮ ಕಟ್ಟಿ ಸುತ್ತಿದ ಮಲ್ಲಿಗೆಯ ಅರ್ಧ ಚೆಂಡು ತಂದು ನನ್ನ ತಲೆಗೆ ಮುಡಿಸುತ್ತಿದ್ದರು. ಇಗರ್ಜಿಯಲ್ಲಿ ಏನೋ ಹಬ್ಬವಿರಬೇಕು ಎಂದುಕೊಂಡಿದ್ದೆ. ನನ್ನ ಹುಟ್ಟಿದ ದಿನದ ಹೂವನ್ನು ಮುಡಿದುಕೊಂಡೇ ಯಾರ ಯಾರದೋ ಹುಟ್ಟಿದ ದಿನವನ್ನು ಹಲಗೆಯ ಮೇಲೆ ಬರೆಯುತ್ತಿದ್ದ ಜಾಣೆ ನಾನು.

“ಉಳಿದ ಅರ್ಧ?” ಎಂದು ಕೇಳಿದೆ.

“ಅವನಿಗೆ” ಎಂದರು.

ಮನೆಗೆ ಬಂದು ಅಮ್ಮನ ಮೇಲೆ ರೇಗಿದೆ, ಕಣ್ಣೀರೂ ಹಾಕಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ. “ಅವಳು ಅಲ್ಲಿ ಕಣ್ಣೊರೆಸುವ ದಿನ ನಾನಿಲ್ಲಿ ಪಾಯಸ ಬೇಯಿಸುವುದಾ ಮಾರಾಯ್ತಿ? ಪರಿಮಳ ಬೇಲಿಯ ಮಾತು ಕೇಳ್ತದಾ?” ಎಂದಳು. ಹೂ ಯಾಕೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಪಾಯಸ ಯಾಕೆ ಬೇಯುವುದಿಲ್ಲವೆಂದು ಬಾಯಮ್ಮನಿಗೂ ಗೊತ್ತಿದ್ದಿರಬೇಕು. ಇಪ್ಪತ್ತೇಳು ವರ್ಷ ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅಮ್ಮ ಅಷ್ಟು ಕಾಲ ಕಾಪಾಡಿದ ತಾರೀಕನ್ನು ಇಲ್ಲಿ ಬರೆದುಬಿಡಲು ನನಗೂ ಮನಸ್ಸಿಲ್ಲ.

ಮುಂದಿನ ವರ್ಷ ಆ ದಿನ ಬೆಳಿಗ್ಗೆ ನಾನೇ ಬಾಯಮ್ಮನ ಮನೆಗೆ ಹೋದೆ. ಒಂದೇ ಕೊಡೆಯ ಅಡಿಯಲ್ಲಿ ಇಬ್ಬರೂ ಇಗರ್ಜಿಯ ಸಿಮಿತ್ರಿಗೆ, ಸಲ್ವದೋರನನ್ನು ಮಣ್ಣು ಮಾಡಿದ ಜಾಗಕ್ಕೆ ನಡೆದೆವು. ಅಲ್ಲಿ ಒದ್ದೆ ಮಣ್ಣಿನ ಮೇಲೆ ಅರ್ಧ ಚೆಂಡು ಇಟ್ಟು, ಉಳಿದರ್ಧವನ್ನು ಅವರು ನನಗೆ ಮುಡಿಸಿದರು. ಶಾಲೆಗೆ ತಡವಾಗಿ ತಲುಪಿದೆ. ನೋಟ್‌ಬುಕ್ಕಿನಲ್ಲಿ ಆ ದಿನಕ್ಕೆ ಒಬ್ಬ ನಾವಿಕ ಸಿಕ್ಕಿದ್ದ, ನಾನು ಆಸೆಪಟ್ಟಷ್ಟೇ ದೊಡ್ಡವನು. ಆದರೆ ಹಲಗೆಯ ಮೇಲೆ ‘ಈ ದಿನ’ ಎಂದಷ್ಟೇ ಬರೆದು ಸೀಮೆಸುಣ್ಣ ಕೆಳಗಿಟ್ಟೆ. “ಟೀಚರ್, ಇವತ್ತು ಯಾರೂ ಹುಟ್ಟಲಿಲ್ಲವಾ?” ಎಂದು ಅದೇ ಹುಡುಗಿ ಕೇಳಿದಳು. “ಹುಟ್ಟಿದ್ದಾರೆ, ಇಬ್ಬರು” ಎಂದೆ. ಹೆಸರು ಹೇಳಲಿಲ್ಲ.

ಹಿಂದಿನ ದಿನ ಅಮ್ಮನಿಗೆ, ನಾಳೆ ಪಾಯಸ ಮಾಡು ಎಂದಿದ್ದೆ. ಅವಳು ಕೇಳಿಸದವಳಂತೆ ಒಳಗೆ ಹೋಗಿದ್ದಳು. ಸಂಜೆ ಬಸ್ಸಿಳಿದು ಬರುವಾಗ ನೋಡಿದರೆ ಬೇಲಿಯ ಈಚೆ ಅಮ್ಮ ನಿಂತಿದ್ದಾಳೆ. ಕೈಯಲ್ಲಿ ಮುಚ್ಚಿದ ಪಾತ್ರೆ, ದಾಟಲು ಧೈರ್ಯವಿಲ್ಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಸೆರಗು ಮಳೆಗೆ ನೆನೆದಿತ್ತು. ಅಷ್ಟರಲ್ಲಿ ಆಚೆಯ ಜಗಲಿಯಿಂದ ಬಾಯಮ್ಮನ ದನಿ ಕೇಳಿತು.

“ಮಧ್ಯಾಹ್ನದಿಂದ ಪರಿಮಳ ಬರ್ತಾ ಉಂಟು. ನಾನು ಎಷ್ಟು ಹೊತ್ತು ಕಾಯುವುದು?”