ಸೀರೆ ನೋಡಿ ಗೋಡೆಗೆ ಬಣ್ಣ

ನಮ್ಮ ಬಣ್ಣದ ಮೇಸ್ತ್ರಿಯ ಎಡಗೈ ಹೆಬ್ಬೆರಳಿನ ಉಗುರು ಒಂದು ದಿನವೂ ಉಗುರಿನ ಬಣ್ಣದಲ್ಲಿ ಇದ್ದದ್ದಿಲ್ಲ. ಕಲಸಿದ ಬಣ್ಣವನ್ನು ಮೊದಲು ಅದಕ್ಕೆ ಹಚ್ಚಿ, ಬಿಸಿಲಿಗೆ ಹಿಡಿದು ನೋಡಿಯೇ ಅವರು ಬ್ರಷ್ ಎತ್ತುತ್ತಿದ್ದುದು. ಬಂಗಾರಪೇಟೆಯ ಟೀ ಅಂಗಡಿಯಲ್ಲಿ ಕೂತವರು ಆ ಉಗುರು ನೋಡಿ, ಈ ವಾರ ಯಾರ ಮನೆ ಬಣ್ಣ ಎಂದು ಊಹಿಸುತ್ತಿದ್ದರು.

ಅಂಗಡಿಯವರು ಕೊಡುವ ಬಣ್ಣದ ಪುಸ್ತಕವನ್ನು ಅವರು ಬಿಚ್ಚುತ್ತಿರಲಿಲ್ಲ. ಬಂದವರೇ ಬೀರು ತೆಗೆಸಿ ಸೀರೆ ಕೇಳುತ್ತಿದ್ದರು. ಮೂರು ಗೋಡೆಗೆ ಒಡಲಿನ ಬಣ್ಣ, ಬಾಗಿಲು ಕಿಟಕಿಗೆ ಅಂಚಿನದು, ಉಳಿದೊಂದು ಗೋಡೆಗೆ ಸೆರಗಿನದು. “ನೇಯೋರು ಯೋಚ್ನೆ ಮಾಡೇ ಒಂದ್ಕೊಂದು ಕೂಡ್ಸವ್ರೆ. ನಾನ್ಯಾಕೆ ತಲೆ ಕೆಡಿಸ್ಕೊಳ್ಲಿ?” ಎನ್ನುತ್ತಿದ್ದರು.

ನಾನು ಕೇಳಬೇಕಲ್ಲ! ಅತ್ತೆ ಮಾವ ಚಿನ್ನದ ಗಣಿಯ ಊರಾದ ಉರಿಗಾಂ ಬಿಟ್ಟು ನಮ್ಮ ಜೊತೆ ಇರಲು ಒಪ್ಪಿದಾಗ ಅವರಿಗೆಂದೇ ಒಂದು ಕೋಣೆ ಕಟ್ಟಿಸಿದೆವು. ಫೋನಿನಲ್ಲಿ ಕಂಡ ಚಿತ್ರ ತೋರಿಸಿ, ಗೋಡೆ ಚಾವಣಿ ಎರಡಕ್ಕೂ ಕಡುನೀಲಿಯೇ ಆಗಬೇಕೆಂದು ಹಟ ಹಿಡಿದೆ. ಮೇಸ್ತ್ರಿ ತಲೆ ಕೆರೆದುಕೊಂಡು ಬಳಿದುಕೊಟ್ಟರು.

ಎರಡನೇ ದಿನವೇ ಮಾವ ಹಾಸಿಗೆ ಸುತ್ತಿಕೊಂಡು ಹಜಾರಕ್ಕೆ ಬಂದರು. ಕೇಳಿದರೆ ಸೆಕೆ ಎಂದರು, ಅದೂ ಚಳಿಗಾಲದಲ್ಲಿ. ವಾರ ಕಳೆಯುವಷ್ಟರಲ್ಲಿ ಉರಿಗಾಂಗೇ ವಾಪಸ್ ಹೋಗುವ ಮಾತು ಶುರುವಾಯಿತು.

ಸುದ್ದಿ ತಿಳಿದ ಮೇಸ್ತ್ರಿ ಬಂದು, ಮಾವನ ಮಂಚದ ಮೇಲೆ ಅಂಗಾತ ಮಲಗಿ ಚಾವಣಿ ನೋಡಿದರು. ಎದ್ದು ಕೂತು ಹೇಳಿದರು: “ಮೂವತ್ತು ವರ್ಷ ಮೈನ್ಸಲ್ಲಿ ಇಳ್ದೋರಿಗೆ ನೆತ್ತಿ ಮ್ಯಾಲೆ ಕತ್ತಲೆ ಇಟ್ಟೀವಲ್ಲಮ್ಮ. ತಪ್ಪು ನನ್ದೇ. ಮಲ್ಗೋರ್ನ ಕೇಳ್ದೆ ಬಳ್ದೆ.”

ಚಿತ್ರ ತೋರಿಸಿದವಳು ನಾನು. ಅವರು ಒಂದು ಸಲವೂ ಆ ಮಾತೆತ್ತಲಿಲ್ಲ.

ಈ ಸಲ ಅತ್ತೆಯ ಟ್ರಂಕು ತೆಗೆಸಿದರು. ಕೆನೆಬಣ್ಣದ ಒಡಲು, ಗಿಣಿಹಸಿರು ಅಂಚು, ಅರಿಶಿನದ ಸೆರಗಿನ ಹಳೆಯ ಸೀರೆಯೊಂದು ಸಿಕ್ಕಿತು. ನೀಲಿ ಮುಚ್ಚಲು ಮೂರು ಕೋಟು ಬೇಕಾಯಿತು. ಚಾವಣಿಗೂ ಕೆನೆಬಣ್ಣವೇ. ಒಣಗಿದ ಮೇಲೆ ಮಾವ ಹೋಗಿ ಮಲಗಿ, ಬಹಳ ಹೊತ್ತು ಮೇಲೆ ನೋಡಿದರು.

“ಶಿಫ್ಟು ಮುಗ್ಸಿ ಮ್ಯಾಲಕ್ಕೆ ಬಂದಂಗೈತೆ” ಎಂದರು. ತಮ್ಮ ಸೀರೆಯ ಗುರುತೇ ಸಿಗಲಿಲ್ಲವಲ್ಲ ಎಂದು ಅತ್ತೆ ಮಾವನನ್ನು ಇಂದಿಗೂ ಛೇಡಿಸುತ್ತಾರೆ.

ಹೋದ ವರ್ಷ ಮೇಸ್ತ್ರಿ ತೀರಿಕೊಂಡರು. ಮಾವನೂ ನಾನೂ ಕೊನೆಯ ಸಲ ನೋಡಲು ಹೋದಾಗ ಆ ಉಗುರಿನ ಮೇಲೆ ತಿಳಿಗುಲಾಬಿ ಒಣಗಿತ್ತು. ಯಾರದೋ ಮನೆ ಅರ್ಧಕ್ಕೆ ನಿಂತಿರಬೇಕು. ಅಳುವಿನ ನಡುವೆಯೂ ಅದು ಯಾರ ಸೀರೆಯಿರಬಹುದೆಂದು ಯೋಚಿಸಿದೆ. ಮಾವ ಆ ಹೆಬ್ಬೆರಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮನೆಗೆ ಬಂದು ಸ್ನಾನ ಮಾಡಿ, ನೇರ ತಮ್ಮ ಕೋಣೆಗೆ ಹೋಗಿ ಮಲಗಿದರು.