ಆಡು ತಿಂದ ಜಾಲಿಬೀಜ

ಮೊನ್ನೆ ಮೊಮ್ಮಗಳು ಎಲ್ಲಿಂದಲೋ ಒಣಗಿದ ಜಾಲಿಕಾಯಿ ತಂದು, ಕಾಲಿಗೆ ಗೆಜ್ಜೆಯಂತೆ ಕಟ್ಟಿಕೊಂಡು ಕುಣಿಯುತ್ತಿದ್ದಳು. ಒಂದನ್ನು ಇಸಿದುಕೊಂಡು ಮುರಿದೆ. ಅದೇ ಒಗರು ವಾಸನೆ. ಅದರ ಹಿಂದೆಯೇ ಆಡಿನ ಹಟ್ಟಿಯ ವಾಸನೆಯೂ ಬಂದಂತಾಯಿತು... ಬೇವೂರಿನ ನಮ್ಮ ಪಕ್ಕದ ಮನೆಯ ದೊಡ್ಡವ್ವ ನೆನಪಾದಳು.

ನಾನು ಆ ಊರಿಗೆ ಸೊಸೆಯಾಗಿ ಹೋದಾಗ ಇನ್ನೂ ನಿಜಾಮರ ಕಾಲ. ದೊಡ್ಡವ್ವನ ಗಂಡ ಆಗಲೇ ತೀರಿಕೊಂಡಿದ್ದ. ಗಂಡನ ಪಾಲಿಗೆ ಬಂದ ಹೊಲವೊಂದೇ ಅವಳ ಅನ್ನ. ಪಕ್ಕದ ಹೊಲ ಮೈದುನನದು. ಅವನು ಪ್ರತಿ ವರ್ಷ ರಂಟೆ ಹೊಡೆಯುವಾಗ ಗಡಿಯ ಬಾಂದುಕಲ್ಲನ್ನು ಒಂದಿಷ್ಟು ಅವಳ ಹೊಲದೊಳಕ್ಕೆ ಸರಿಸಿಬಿಡುತ್ತಿದ್ದ. ಊರ ಜಮೀನಿನ ಲೆಕ್ಕ ಬರೆಯುವ ಪಟವಾರಿಗೆ ಹೇಳಿದರೆ, ಉರ್ದುವಿನಲ್ಲಿ ಬರೆಸಿಕೊಂಡು ಬಾ ಅನ್ನುತ್ತಿದ್ದ.

"ಕಲ್ಲಿಗೆ ಕಾಲು ಬರ್ತಾವ, ಗಿಡಕ್ಕ ಬರೂದಿಲ್ಲ" ಎಂದು ದೊಡ್ಡವ್ವ ಗಡಿಗುಂಟ ಜಾಲಿಬೀಜ ಊರಿದಳು. ಒಂದೂ ಮೊಳೆಯಲಿಲ್ಲ. ಆ ಬೀಜದ ಸಿಪ್ಪೆ ಎಷ್ಟು ಗಟ್ಟಿಯೆಂದರೆ ಮಳೆನೀರು ಒಳಗೆ ಇಳಿಯುವುದೇ ಇಲ್ಲ. ಕುದಿನೀರು ಹೊಯ್ದು ನೆನೆಯಿಡು ಎಂದು ನಮ್ಮ ಅತ್ತೆ ಹೇಳಿದರೆ, "ಬೇಯಿಸಿದ್ದು ಉಣ್ಣಾಕ ಬರ್ತೈತಿ, ಬಿತ್ತಾಕ ಬರ್ತೈತೇನ?" ಎಂದು ತಲೆ ಕೊಡವಿದಳು. ಹಠದ ಹೆಂಗಸು.

ಆಡಿನ ಹೊಟ್ಟೆ ಹೊಕ್ಕು ಬಂದ ಬೀಜವೇ ಮೊಳೆಯುವುದೆಂದು ಅವಳು ಕುರುಬರಿಂದ ಕೇಳಿದ್ದಳು. ಆ ಬೇಸಿಗೆಯಿಡೀ ತನ್ನ ಆಡುಗಳಿಗೆ ಜಾಲಿಕಾಯಿ ತಿನ್ನಿಸಿದಳು. ಮೆಲುಕು ಹಾಕುವಾಗ ಅವು ಉಗುಳಿದ ಬೀಜ, ಹಿಕ್ಕೆಯಲ್ಲಿ ಬಂದ ಬೀಜ ಎಲ್ಲವನ್ನೂ ಗುಡಿಸಿ ತಿಪ್ಪೆಯ ಮೂಲೆಯಲ್ಲಿ ಗುಂಪಿ ಹಾಕುವಳು. ಮೊದಲ ಮಳೆಗೆ ಹೊಲದ ಗಡಿಗುಂಟ ಒಯ್ದು ಊರುವ ಲೆಕ್ಕ. ಆದರೆ ಹೊಲ ಪಾಲಾದರೂ ಎರಡು ಮನೆಗಳ ತಿಪ್ಪೆ ಪಾಲಾಗಿರಲಿಲ್ಲ. ಮಳೆಗೆ ಮುಂಚೆ ಮೈದುನ ಗಾಡಿ ಹೂಡಿ, ಅವಳ ಗುಂಪಿಯನ್ನೂ ಬಿಡದೆ, ತಿಪ್ಪೆಯನ್ನೆಲ್ಲ ಬಳಿದು ತನ್ನ ಹೊಲಕ್ಕೆ ಹೇರಿದ. ದೊಡ್ಡವ್ವ ಕಟ್ಟೆಯ ಮೇಲೆ ಕೂತು ನೋಡಿದಳು. ಗಡಿಗೆ ಜಾಲಿ ಬರುವುದು ಇನ್ನೊಂದು ವರ್ಷ ಮುಂದೆ ಹೋಯಿತಲ್ಲ ಎಂದು ನನಗೇ ಮರುಕವಾಯಿತು.

ಮಳೆ ಬಿತ್ತು. ಮೈದುನನ ಸಜ್ಜೆಯ ನಡುವೆ ಎಲ್ಲಿ ನೋಡಿದರೂ ಜಾಲಿ ಎದ್ದಿತು. ಅವನು ಒತ್ತಿಕೊಂಡಿದ್ದ ನೆಲದಲ್ಲೂ ಎದ್ದಿತು.

"ವೈನಿ, ಏನ್ ಮಾಡಿಟ್ರಿ ಇದು?" ಅತ್ತಿಗೆಯ ಬಾಗಿಲಲ್ಲಿ ನಿಂತು ಮೈದುನ ಕೇಳಿದ.

"ನನ್ನ ಪಾಲಿನ ಗೊಬ್ಬರಾನೂ ನೀನ ಹೇರೀದಿ. ಅದರಾಗ ಇದ್ದದ್ದೂ ನಿಂದ ಅಲ್ಲೇನಪಾ?"

ಹಾಗೆಂದವಳೇ ಕಳೆ ಕೀಳುವ ಕುರ್ಪಿ ಹಿಡಿದು ಅವನೊಡನೆ ಹೊಲಕ್ಕೆ ನಡೆದಳು. ನಾನೂ ಹೋದೆ. ಅವನ ಕಡೆಯಿಂದ ಸಸಿ ಕೀಳುತ್ತ ಬಂದು, ಹಳೆಯ ಗಡಿಯಿದ್ದ ಜಾಗದಲ್ಲಿ ನಿಂತಳು. ಬೇವಿನ ಮರದಿಂದ ಹಳ್ಳದವರೆಗೆ ಒಂದು ಸಾಲನ್ನು ಹಾಗೇ ಬಿಟ್ಟಳು. ಅದನ್ನು ದಾಟಿ, "ಇಲ್ಲಿಂದ ಇತ್ಲಾಗ ನಾನ ಕೀಳತೀನಿ, ನೀ ಬರಬ್ಯಾಡ" ಎಂದಳು. ಮೈದುನ ಆ ಸಾಲನ್ನು ನೋಡಿದ. ಸುತ್ತಲ ಹೊಲದವರೂ ನೋಡುತ್ತಿದ್ದರು. ಆಮೇಲೆ ಬಾಂದುಕಲ್ಲನ್ನು ಕಿತ್ತು ತಂದು ಸಾಲಿನ ತುದಿಯಲ್ಲಿ ನೆಟ್ಟ.

ಅವನು ಹೇರುತ್ತಾನೆಂದು ತಿಳಿದೇ ಬೀಜವನ್ನು ತಿಪ್ಪೆಗೆ ಹಾಕಿದ್ದಳೋ... ಅತ್ತೆ ಒಮ್ಮೆ ಕೇಳಿದ್ದರು. ದೊಡ್ಡವ್ವ ಕೇಳಿಸದವಳಂತೆ ಆಡಿನ ಮೈ ಸವರುತ್ತಿದ್ದಳು.

ಅವಳು ಹೋಗಿ ಎಷ್ಟೋ ವರ್ಷವಾಯಿತು. ಎರಡೂ ಹೊಲಗಳನ್ನು ಯಾರೋ ಒಬ್ಬನೇ ಕೊಂಡು, ಜಾಲಿ ಕಡಿಸಿ, ಒಂದು ಮಾಡಿದ್ದಾನಂತೆ. ಆ ಗಡಿ ಎಲ್ಲಿತ್ತೆಂದು ತೋರಿಸಬಲ್ಲವಳು ಈಗ ನಾನೊಬ್ಬಳೇ ಇರಬೇಕು. ಕೇಳುವವರಿಲ್ಲ.

ಮೊಮ್ಮಗಳು ಬೀಜ ಊರೋಣ ಎಂದು ಹಠ ಹಿಡಿದಳು. ಮನೆಯಲ್ಲಿ ಆಡಿಲ್ಲ. ಕುದಿನೀರು ಹೊಯ್ದು ನೆನೆಯಿಟ್ಟೆ. ದೊಡ್ಡವ್ವ ಇದ್ದಿದ್ದರೆ ಬೈಯುತ್ತಿದ್ದಳು. ಬೈಸಿಕೊಳ್ಳಬೇಕೆಂದು ಆಸೆಯಾಯಿತು.