ಹೋಮದ ಹೊಗೆಗೆ ಕೂಗಿಕೊಂಡ ಛತ್ರ

ಕಟ್ಟಡಗಳಿಗೆ ಬುದ್ಧಿ ಕೊಡುವುದೇ ನಮ್ಮ ಕೆಲಸ ಎಂದು ನನ್ನ ಮೊದಲ ಬಾಸ್ ಸಿಕ್ಕ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ರಾಜಾಜಿನಗರದಲ್ಲಿ ಪ್ಲೈವುಡ್ ಅಂಗಡಿಯ ಮೇಲೆ ಆಫೀಸು. ಅಲ್ಲಿ ಫ್ಯಾನ್ ಆರಿಸಬೇಕಾದರೆ ಸ್ವಿಚ್ಚನ್ನು ಪೆನ್ನಿನಿಂದ ಚುಚ್ಚಬೇಕಿತ್ತು. ಇಂಥ ಬುದ್ಧಿವಂತ ಜಾಗದಲ್ಲಿ ನಾನು ಆಟೊಮೇಷನ್ ಇಂಜಿನಿಯರ್ ಆದೆ. ಕಾಲೇಜಿನಲ್ಲಿ ಏನು ಕಲಿತೆ ಎಂದು ಮಾತ್ರ ಕೇಳಬೇಡಿ. ಯಂತ್ರಗಳನ್ನು ನಡೆಸುವ ಕಂಟ್ರೋಲರ್ ಪೆಟ್ಟಿಗೆ ಅಲ್ಲಿ ಗಾಜಿನ ಬೀರುವಿನಲ್ಲಿ ಕೂತಿತ್ತು. ಆಯುಧಪೂಜೆಗೆ ಹೊರಗೆ ಬಂದು, ಕುಂಕುಮ ಇಡಿಸಿಕೊಂಡು, ಮತ್ತೆ ಒಳಗೆ ಹೋಗುತ್ತಿತ್ತು.

ಆರು ತಿಂಗಳು ಟ್ರೈನಿ, ಆಮೇಲೆ ಕೆಲಸ ನೋಡಿ ಕಾಯಂ ಎಂದಿದ್ದರು. ಅಪ್ಪ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಅವರಿಗೆ ಕಾಯಂ ಕೆಲಸ ಅಂತ ಮತ್ತೆ ಸಿಗಲೇ ಇಲ್ಲ. ಹಾಗಾಗಿ ಹೊಸಹಳ್ಳಿಯ ನಮ್ಮ ಮನೆಯಲ್ಲಿ ನಾನು ಚಪ್ಪಲಿ ಬಿಡುವ ಮೊದಲೇ "ಪರ್ಮನೆಂಟ್ ಆಯ್ತೇನಮ್ಮ?" ಎಂದು ಕೇಳುತ್ತಿದ್ದರು. ನನಗೂ ಅದು ಬೇಕಿತ್ತು, ಇಲ್ಲ ಅನ್ನುವುದಿಲ್ಲ. ಅಪ್ಪನ ಮುಖ ನೋಡಿದರೆ ಇನ್ನೂ ಬೇಕು ಅನ್ನಿಸುತ್ತಿತ್ತು.

ನನ್ನ ಕೈಗೆ ಬಂದ ಮೊದಲ ಸೈಟು ಬಸವೇಶ್ವರನಗರದ ಒಂದು ಮದುವೆ ಛತ್ರ. ಹಳೆಯದನ್ನು ಕೆಡವಿ ಏಸಿ ಹಾಲ್ ಕಟ್ಟಿಸಿದ್ದರು. ಸೂರಿನ ತುಂಬ ಹೊಗೆ ಪತ್ತೆ ಮಾಡುವ ಸೆನ್ಸರ್‌ಗಳು. ಹೊಗೆ ಕಂಡರೆ ಏಸಿ ನಿಂತು, ದೊಡ್ಡ ಫ್ಯಾನ್‌ಗಳು ತಿರುಗಿ ಹೊಗೆಯನ್ನು ಹೊರಗೆಳೆಯಬೇಕು, ಸೈರನ್ ಕೂಗಿ ಜನರನ್ನು ಎಚ್ಚರಿಸಬೇಕು. ನಕ್ಷೆ ಬಿಚ್ಚಿದರೆ ಮಂಟಪ ಇರಬೇಕಾದ ಜಾಗದಲ್ಲಿ 'ಮೀಟಿಂಗ್ ರೂಮ್' ಎಂದಿತ್ತು. ಯಾವುದೋ ಆಫೀಸಿನ ನಕ್ಷೆಯನ್ನು ಎತ್ತಿ ಛತ್ರಕ್ಕೆ ಅಂಟಿಸಿದ್ದರು ಮಹಾನುಭಾವರು. ಹೋಮಕುಂಡದ ನೆತ್ತಿಯ ಮೇಲೇ ಸೆನ್ಸರ್ ಬರುತ್ತಿತ್ತು. ಅಲ್ಲಿ ಮಾತ್ರ ಹೊಗೆಗೆ ಜಗ್ಗದೆ ಶಾಖಕ್ಕೆ ಕೂಗುವ ಸೆನ್ಸರ್ ಹಾಕೋಣ ಸಾರ್ ಎಂದೆ. ಮದುವೆಯಲ್ಲಿ ಹೊಗೆ ಎಷ್ಟಮ್ಮ ಬರುತ್ತೆ ಎಂದು ಬಾಸ್ ನಕ್ಕರು. ಈ ಮನುಷ್ಯ ಹೆಂಡತಿಯನ್ನು ರಿಜಿಸ್ಟ್ರಾರ್ ಆಫೀಸಿನಿಂದ ಕರೆತಂದಿರಬೇಕು ಅಂದುಕೊಂಡೆ.

ಕೊನೆಗೆ ಏಣಿ ಹತ್ತಿ, ಧೂಳು ಕೂರದಿರಲೆಂದು ಸೆನ್ಸರ್‌ಗಳಿಗೆ ಹಾಕಿದ್ದ ಹಳದಿ ಪ್ಲಾಸ್ಟಿಕ್ ಮುಚ್ಚಳಗಳನ್ನು ಒಂದೊಂದಾಗಿ ನಾನೇ ತೆಗೆದೆ. ಅವು ಇದ್ದರೆ ಸೆನ್ಸರ್‌ಗೆ ಹೊಗೆ ತಿಳಿಯುವುದೇ ಇಲ್ಲ. ಪರೀಕ್ಷೆಗೆ ಹೊಗೆ ಬಿಟ್ಟಾಗ ಫ್ಯಾನ್‌ಗಳು ಒಟ್ಟಿಗೆ ತಿರುಗಿದವು. ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂತು.

ಮೊದಲ ಮದುವೆಯಲ್ಲಿ ತಾಳಿ ಕಟ್ಟುವವರೆಗೆ ಎಲ್ಲ ಸರಿಯಿತ್ತು. ಪುರೋಹಿತರು ಹೋಮಕ್ಕೆ ತುಪ್ಪ ಸುರಿದದ್ದೇ ತಡ, ಸೈರನ್ ಕಿರುಚಿತು, ಏಸಿ ನಿಂತಿತು, ಫ್ಯಾನ್‌ಗಳು ಪುರೋಹಿತರ ಶಲ್ಯವನ್ನು ಮೇಲಕ್ಕೆಳೆದವು. ನಮ್ಮ ಜನವೋ! ಒಬ್ಬರಾದರೂ ಹೊರಗೆ ಓಡಲಿಲ್ಲ. ಊಟಕ್ಕೆ ಕರೆದರು ಎಂದುಕೊಂಡು ಡೈನಿಂಗ್ ಹಾಲಿಗೆ ನುಗ್ಗಿದರು. ಎಲೆಗೆ ಉಪ್ಪೂ ಬಿದ್ದಿರಲಿಲ್ಲ, ಪಂಕ್ತಿ ಭರ್ತಿ.

ಮಾರನೆಯ ದಿನ ಛತ್ರದ ಮಾಲೀಕರು ಬಂದು ಬಾಸ್‌ಗೆ ಚೆನ್ನಾಗಿ ಉಗಿದು ಹೋದರು. ಬಾಸ್ ನನ್ನನ್ನು ಒಳಗೆ ಕರೆದು, ಸೆನ್ಸರ್‌ಗಳಿಗೆಲ್ಲ ಮುಚ್ಚಳ ವಾಪಸ್ ಹಾಕಿಬಿಡು, ಅಗ್ನಿಶಾಮಕದವರು ತಪಾಸಣೆಗೆ ಬರುವ ದಿನ ತೆಗೆದರಾಯಿತು ಎಂದರು. ಮಂಟಪದ ಮೇಲಿನ ಸೆನ್ಸರನ್ನಷ್ಟೇ ಬದಲಾಯಿಸಿದರೆ ಸಾಕು, ಅರ್ಧ ದಿನದ ಕೆಲಸ ಎಂದು ನಾನು ಅಂಗಲಾಚಿದೆ.

"ನೋಡಮ್ಮ, ಮುಚ್ಚಳ ಹಾಕ್ಬಿಟ್ಟು ಬಾ. ನಾಳೆನೇ ನಿನ್ನ ಕನ್ಫರ್ಮೇಷನ್‌ಗೆ ಸೈನ್ ಹಾಕ್ತೀನಿ."

"ಹಾಕಲ್ಲ ಸಾರ್. ಒಳಗೆ ಮಕ್ಕಳು ಮರಿ ಇರ್ತಾರೆ."

"ನೀನು ಹಾಕ್ದಿದ್ರೆ ಇನ್ನೊಬ್ರು ಹಾಕ್ತಾರೆ."

ಅದೊಂದು ಮಾತು ಮಾತ್ರ ಅವರು ನಿಜ ಹೇಳಿದ್ದು. ನಾನು ಬ್ಯಾಗ್ ಎತ್ತಿಕೊಂಡು ಮನೆಗೆ ಬಂದೆ. ಸಿಟ್ಟಿಗೆ ಮೆಟ್ರೋದಲ್ಲಿ ಅತ್ತೂ ಬಿಟ್ಟೆ.

ಅಪ್ಪನಿಗೆ ಸಿಡಿಲು ಹೊಡೆದ ಹಾಗಾಯಿತು. ಒಂದು ಪ್ಲಾಸ್ಟಿಕ್ ಮುಚ್ಚಳಕ್ಕೆ ಕೆಲಸ ಬಿಟ್ಟು ಬಂದೆಯಾ ಎಂದು ಕೇಳಿದವರು, ಆಮೇಲೆ ನನ್ನೊಂದಿಗೆ ಮಾತು ಬಿಟ್ಟರು. ಬಂಧುಗಳ ಮುಂದೆ ಮಾತ್ರ ಅವಳಿಗೆ ಕೊಬ್ಬು ಎಂದು ಹೇಳಿಕೊಂಡು ತಿರುಗಿದರು. ನಾನು ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕರೆಂಟ್ ಪ್ಯಾನಲ್‌ಗಳ ವೈರಿಂಗ್‌ಗೆ ಸೇರಿದೆ, ಅಲ್ಲೂ ಟ್ರೈನಿ.

ಅಷ್ಟರಲ್ಲಿ ಚಿಕ್ಕಪ್ಪನ ಮಗಳ ಮದುವೆ ಬಂತು, ಅದೇ ಛತ್ರದಲ್ಲಿ. ಏಸಿ ಎಷ್ಟು ತಂಪು ಎಂದು ಎಲ್ಲರೂ ಹೊಗಳುತ್ತಿದ್ದರು. ನಾನು ತಲೆ ಎತ್ತಿದೆ. ಸಾಲಾಗಿ ಹಳದಿ ಮುಚ್ಚಳಗಳು, ಅವುಗಳ ಸುತ್ತ ಡೆಕೊರೇಷನ್‌ನವರು ಸೇವಂತಿಗೆ ಸರ ಬೇರೆ ಸುತ್ತಿದ್ದರು. ಎಷ್ಟೋ ದಿನದ ಮೇಲೆ ಅಪ್ಪ ಬಾಯಿ ಬಿಟ್ಟು, "ಯಾವ್ದಮ್ಮ ಆ ಮುಚ್ಚಳ?" ಎಂದರು. ಬೆರಳು ಮಾಡಿ ತೋರಿಸಿದೆ. ಹೋಮ ಶುರುವಾಯಿತು. ಹೊಗೆ ಸೂರಿನವರೆಗೆ ಹೋಗಿ, ಆ ಮುಚ್ಚಳಗಳನ್ನು ಸವರಿಕೊಂಡು ಹರಡಿತು. ಏನೂ ಕೂಗಲಿಲ್ಲ.

ಹುಡುಗಿಯ ದೊಡ್ಡಪ್ಪ ಎಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದ ಅಪ್ಪ ಸದ್ದಿಲ್ಲದೆ ಎದ್ದರು. ಅಮ್ಮನ ಕೈ ಹಿಡಿದು ಕರೆದುಕೊಂಡು ಹೋಗಿ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತರು. ಚಿಕ್ಕಪ್ಪ ಓಡಿ ಬಂದು ಮುಂದೆ ಬಾ ಅಣ್ಣ ಎಂದು ಎಷ್ಟು ಕರೆದರೂ ಏಳಲಿಲ್ಲ. ಇಲ್ಲಿಂದಲೇ ಚೆನ್ನಾಗಿ ಕಾಣುತ್ತೆ ಎಂದು ಹೇಳಿ ಕಳಿಸಿ, ಪಕ್ಕದ ಕುರ್ಚಿಗೆ ಹಾಕಿಟ್ಟಿದ್ದ ತಮ್ಮ ಟವೆಲ್ ಎತ್ತಿಕೊಂಡು ನನಗೆ ಜಾಗ ಮಾಡಿದರು.